ಕಿತ್ತು ಹಾಕಿದ ಆಟಿಕೆ, ಕೋಟಿ ಬೆಲೆಯ ಕಾರು



ಹಳೆ ಕಾರು ಮಾರಲು ಹೊರಟವರಿಗೆ ದಲ್ಲಾಳಿ ಕೇಳುವ ಮೊದಲ ಪ್ರಶ್ನೆ ಯಾವುದು ಗೊತ್ತೇ? "ಕಂಪೆನಿಯಿಂದ ಬಂದ ಹಾಗೇ ಇದೆಯಾ, ಇಲ್ಲಾ ಏನಾದ್ರೂ ಬದಲಾಯಿಸಿದ್ದೀರಾ?" ಮಾಲೀಕ ಉತ್ಸಾಹದಿಂದ ಹೊಸ ಸ್ಟೀರಿಂಗು, ಅಗಲವಾದ ಚಕ್ರ, ಬೇರೆ ಬಣ್ಣ ಎಂದು ಪಟ್ಟಿ ಹೇಳುತ್ತಾ ಹೋದಂತೆ ದಲ್ಲಾಳಿ ಮನಸ್ಸಿನಲ್ಲೇ ಬೆಲೆ ಇಳಿಸುತ್ತಾ ಹೋಗುತ್ತಾನೆ. ನಾವು ಪ್ರೀತಿಯಿಂದ ಸುರಿದ ದುಡ್ಡು ಅವನ ಲೆಕ್ಕದಲ್ಲಿ ಖೋತಾ! ಮುಂಬೈಯಾಗಲಿ, ಚೆನ್ನೈಯಾಗಲಿ, ದೆಹಲಿಯಾಗಲಿ, ಎಲ್ಲ ಕಡೆಯೂ ಇದೇ ಕತೆ.

ಇದೇ ಲೆಕ್ಕವನ್ನು ನಂಬಿ ಒಂದು ಹೆಸರಾಂತ ಕಾರು ಕಂಪೆನಿಯೂ ಒಮ್ಮೆ ಮೋಸಹೋಯಿತು. ಅದು ಇಂಗ್ಲೆಂಡಿನ ಆಸ್ಟನ್ ಮಾರ್ಟಿನ್. ಕಾರು, ಜೇಮ್ಸ್ ಬಾಂಡ್ ಓಡಿಸಿದ ಡಿಬಿ5. ಈ ಸಲದ ಇತಿಹಾಸದ ಪುಟದಲ್ಲಿ ಆ ಕಾರಿನ, ಅಲ್ಲಲ್ಲ, ಆ ಕಾರುಗಳ ಕತೆ.

1964ರಲ್ಲಿ 'ಗೋಲ್ಡ್‌ಫಿಂಗರ್' ಚಿತ್ರ ತೆರೆಗೆ ಬಂತು. ಬಾಂಡ್ ಪಾತ್ರದಲ್ಲಿ ಶಾನ್ ಕಾನರಿ. ಚಿತ್ರಕ್ಕಾಗಿ ಆಸ್ಟನ್ ಮಾರ್ಟಿನ್ ತನ್ನ ಡಿಬಿ5ರ ಮೂಲಮಾದರಿಯನ್ನೇ ಕೊಟ್ಟಿತು. ಅದರ ಷಾಸಿ ಸಂಖ್ಯೆ ಡಿಪಿ/216/1. ಕಲಾ ನಿರ್ದೇಶಕ ಕೆನ್ ಆಡಮ್ ಮತ್ತು ವಿಶೇಷ ಪರಿಣಾಮಗಳ ಜಾನ್ ಸ್ಟಿಯರ್ಸ್ ಸೇರಿ ಆ ಕಾರಿನ ಹೊಟ್ಟೆ ಬಗೆದರು. ಮುಂದಿನ ದೀಪಗಳ ಹಿಂದೆ ಮೆಷಿನ್ ಗನ್, ಹಿಂಬದಿ ಗಾಜಿನಾಚೆ ಮೇಲೇಳುವ ಗುಂಡುನಿರೋಧಕ ತಗಡು, ರಸ್ತೆಗೆ ಎಣ್ಣೆ ಚೆಲ್ಲುವ ಕೊಳವೆ, ಹೊಗೆ ಬಿಡುವ ವ್ಯವಸ್ಥೆ, ಪಕ್ಕದಲ್ಲಿ ಕೂತವನನ್ನು ಛಾವಣಿಯಿಂದ ಹಾರಿಸಿಬಿಡುವ ಸೀಟು! ಗನ್ನಿನಿಂದ ಗುಂಡೇನೂ ಹಾರುತ್ತಿರಲಿಲ್ಲ ಬಿಡಿ, ಅನಿಲ ಉರಿಸಿ ಬೆಂಕಿ ತೋರಿಸುವ ಕಣ್ಕಟ್ಟು ಅಷ್ಟೆ. ತಿರುಗುವ ನಂಬರ್ ಪ್ಲೇಟಿನ ಉಪಾಯ ಮಾತ್ರ ನಿರ್ದೇಶಕ ಗೈ ಹ್ಯಾಮಿಲ್ಟನ್‌ಗೆ ಹೊಳೆದದ್ದಂತೆ. ಪಾರ್ಕಿಂಗ್ ದಂಡ ಕಟ್ಟಿ ಕಟ್ಟಿ ಅವರಿಗೆ ಸಾಕಾಗಿತ್ತು. ಮಹಾನಗರದಲ್ಲಿ ಗಾಡಿ ಇಟ್ಟುಕೊಂಡಿರುವ ನಮಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಚಿತ್ರ ಗೆದ್ದಿತು, ಕಾರೂ ಗೆದ್ದಿತು. 1965ರಲ್ಲಿ ಕಾರ್ಗಿ ಕಂಪೆನಿ ಹೊರತಂದ ಇದರ ಆಟಿಕೆ ಮಾದರಿ ಲಕ್ಷಗಟ್ಟಲೆ ಮಾರಾಟವಾಯಿತು. ಅದೇ ವರ್ಷ 'ಥಂಡರ್‌ಬಾಲ್' ಚಿತ್ರದಲ್ಲೂ ಡಿಬಿ5 ಬಂತು.

ಆಮೇಲೆ? ಆಮೇಲೆ ಕಾರು ಕಾರ್ಖಾನೆಗೆ ವಾಪಸು ಬಂತು. ಕಂಪೆನಿಯವರ ಕಣ್ಣಿಗೆ ಅದೀಗ ಕೆಲವು ವರ್ಷ ಹಳೆಯ, ಮೈತುಂಬ ತೂತು ಬಿದ್ದ ಒಂದು ಸೆಕೆಂಡ್ ಹ್ಯಾಂಡ್ ಗಾಡಿ. ಅವರೂ ದಲ್ಲಾಳಿಯ ಲೆಕ್ಕವನ್ನೇ ಹಾಕಿದರು. ಗನ್ನು, ಕೊಳವೆ, ತಗಡು ಎಲ್ಲವನ್ನೂ ಕಿತ್ತು ಹಾಕಿದರು. ಹೊಸ ನೋಂದಣಿ ಸಂಖ್ಯೆ ಕೊಟ್ಟು, 1968ರಲ್ಲಿ ಸುಮಾರು 1,500 ಪೌಂಡಿಗೆ ಮಾರಿಬಿಟ್ಟರು. ಹೊಸದಾಗಿದ್ದಾಗ ಒಂದು ಡಿಬಿ5ರ ಬೆಲೆ 4,000 ಪೌಂಡಿನ ಮೇಲಿತ್ತು. ಜಗತ್ತಿನ ಅತ್ಯಂತ ಪ್ರಸಿದ್ಧ ಕಾರು ತನ್ನ ಪ್ರಸಿದ್ಧಿಯನ್ನೆಲ್ಲ ಕಳಚಿಟ್ಟು, ಅರ್ಧ ಬೆಲೆಗೂ ಕಡಿಮೆಗೆ ಹೋಯಿತು.

ಕೊಂಡವನಿಗೆ ತಾನು ಕೊಂಡದ್ದೇನೆಂದು ಗೊತ್ತಿತ್ತು. ಆತ ಕಮ್ಮಾರಿಕೆ ಬಲ್ಲವರನ್ನು ಹಿಡಿದು ಆ ಆಟಿಕೆಗಳನ್ನೆಲ್ಲ ಮತ್ತೆ ಹೊಸದಾಗಿ ಮಾಡಿಸಿ ಕೂರಿಸಿದ. ಆದರೆ ಅವು ಸಿನಿಮಾದಲ್ಲಿದ್ದ ಆಟಿಕೆಗಳಲ್ಲವಲ್ಲ! ಕಾರು ಅಸಲಿ, ಅದರ ಕತೆಯೂ ಅಸಲಿ, ಕತೆಯ ಸಾಮಾನು ಮಾತ್ರ ನಕಲು. ಹೀಗಿದ್ದರೂ 1986ರಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ಇದಕ್ಕೆ ಎರಡೂವರೆ ಲಕ್ಷ ಡಾಲರ್ ಕೂಗಿದರು. ಕಂಪೆನಿ ಅಳಿಸಲಾಗದೆ ಬಿಟ್ಟ ಒಂದೇ ಗುರುತು, ಷಾಸಿಯ ಮೇಲಿನ ಸಂಖ್ಯೆ, ಇದನ್ನು ಕಾಪಾಡಿತ್ತು.

ಈಗ ಇದರ ಸೋದರ ಕಾರಿನ ಕಡೆ ಬರೋಣ. ಬಾನುಲಿ ಕೇಳುಗರಾದ ನಿಮಗೆ ಇದು ಇನ್ನೂ ಹತ್ತಿರದ ಕತೆ. 'ಗೋಲ್ಡ್‌ಫಿಂಗರ್' ಚಿತ್ರೀಕರಣದಲ್ಲಿ ಎರಡನೇ ಡಿಬಿ5 ಇತ್ತು. ವೇಗವಾಗಿ ಓಡಿಸುವ ದೃಶ್ಯಗಳಿಗೆಂದೇ ಇಟ್ಟುಕೊಂಡ ಇದರ ಸಂಖ್ಯೆ ಎಫ್‌ಎಂಪಿ 7ಬಿ. ಎರಡನೇ ಚಿತ್ರದ ಹೊತ್ತಿಗೆ ಇದಕ್ಕೂ ಗನ್ನು, ತಗಡು ಎಲ್ಲ ಬಂದವು. ಇದನ್ನು 1969ರಲ್ಲಿ ಕೊಂಡವರು ಜೆರ್ರಿ ಲೀ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಎಫ್‌ಎಂ ಬಾನುಲಿ ಕೇಂದ್ರ ನಡೆಸುತ್ತಿದ್ದವರು. ಕೊಟ್ಟದ್ದು 12,000 ಡಾಲರ್. ಆ ಕಾಲಕ್ಕೆ ಅದೇನೂ ಕಡಿಮೆ ದುಡ್ಡಲ್ಲ. ಮಾರ್ಪಾಡಾದ ಹಳೆ ಕಾರಿಗೆ ಇಷ್ಟೊಂದೇ ಎಂದು ಮೂಗು ಮುರಿದವರು ಇದ್ದಿರಲೂಬಹುದು.

ಲೀ ಅದರಿಂದ ಏನನ್ನೂ ಕೀಳಲಿಲ್ಲ. ಮನೆಯಲ್ಲಿ ಕಾರಿಗೆಂದೇ ಒಂದು ಕೋಣೆ ಮಾಡಿಸಿ, ಇದ್ದದ್ದನ್ನು ಇದ್ದ ಹಾಗೇ ಇಟ್ಟುಕೊಂಡರು. ಒಂದಲ್ಲ ಎರಡಲ್ಲ, 41 ವರ್ಷ! 2010ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಹರಾಜಿಗಿಟ್ಟಾಗ ಅದು 29 ಲಕ್ಷ ಪೌಂಡಿಗೆ, ಅಂದರೆ ಸುಮಾರು 46 ಲಕ್ಷ ಡಾಲರಿಗೆ ಹೋಯಿತು.

ಲೆಕ್ಕ ಹಾಕೋಣವೇ? ಕೊಂಡ ಬೆಲೆಯ ಸುಮಾರು 380 ಪಟ್ಟು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, 41 ವರ್ಷ ಬಿಡದೆ ಶೇಕಡಾ 15ಕ್ಕಿಂತ ಸ್ವಲ್ಪ ಹೆಚ್ಚಿನ ಚಕ್ರಬಡ್ಡಿ ಬಂದ ಹಾಗೆ. ಆದರೆ ಇದರಲ್ಲಿ ವಿಮೆ, ರಿಪೇರಿ, ಜಾಗದ ಖರ್ಚು ಸೇರಿಲ್ಲ. ನಡುವೆ ಎಂದಾದರೂ ದುಡ್ಡಿನ ಅಡಚಣೆ ಬಂದು ಮಾರಿದ್ದರೆ ಈ ಲೆಕ್ಕವೂ ಇಲ್ಲ. ಕಾಯುವುದೂ ಒಂದು ಬಂಡವಾಳ, ಅದು ಎಲ್ಲರ ಕೈಯಲ್ಲಿ ಇರುವುದಿಲ್ಲ.

ಚಿತ್ರದಲ್ಲಿ ಓಡದ, ಪ್ರಚಾರಕ್ಕೆಂದೇ ಸಜ್ಜು ಮಾಡಿಸಿದ ಡಿಬಿ5ಗಳೂ ಇದ್ದವು. ಅವುಗಳಲ್ಲೊಂದು ಅಮೆರಿಕದ ಟೆನೆಸ್ಸಿಯ ಒಂದು ಕಾರು ಸಂಗ್ರಹಾಲಯದಲ್ಲಿ ದಶಕಗಟ್ಟಲೆ ನಿಂತಿತ್ತು. 2006ರಲ್ಲಿ ಅದು ಸುಮಾರು 21 ಲಕ್ಷ ಡಾಲರಿಗೆ ಮಾರಾಟವಾಯಿತು. ಆಮೇಲೆ ಅದನ್ನು ಬಿಚ್ಚಿ ಜೋಡಿಸಿ, ಬಾಂಡ್‌ನ ಎಲ್ಲ ಉಪಕರಣಗಳೂ ಕೆಲಸ ಮಾಡುವಂತೆ ಮಾಡಿದರು. 2019ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಬಂದ ಬೆಲೆ 63.85 ಲಕ್ಷ ಡಾಲರ್. ಆಗಿನ ನಮ್ಮ ದುಡ್ಡಿನಲ್ಲಿ ಸುಮಾರು 45 ಕೋಟಿ ರೂಪಾಯಿ! ಗಮನಿಸಿ, ತೆರೆಯ ಮೇಲೆ ಒಂದು ಕ್ಷಣವೂ ಕಾಣಿಸದ ಕಾರು ಇದು. ಆದರೆ ಇದನ್ನು ಮಾಡಿಸಿದವರು ಚಿತ್ರ ನಿರ್ಮಿಸಿದವರೇ, ಆ ಕಾಲದಲ್ಲೇ. ಅದಕ್ಕೆ ದಾಖಲೆಯಿತ್ತು.

ಆಸ್ಟನ್ ಮಾರ್ಟಿನ್ ಕಂಪೆನಿಗೂ ಕೊನೆಗೆ ಬುದ್ಧಿ ಬಂತು ಅನ್ನಿ. ಕಿತ್ತು ಹಾಕಿದ ಅದೇ ಆಟಿಕೆಗಳನ್ನು ಮತ್ತೆ ಕೂರಿಸಿ 25 ಹೊಸ 'ಗೋಲ್ಡ್‌ಫಿಂಗರ್' ಡಿಬಿ5ಗಳನ್ನು ಗಿರಾಕಿಗಳಿಗೆ ಮಾಡಿಕೊಡುವುದಾಗಿ 2018ರಲ್ಲಿ ಸಾರಿತು. ಮೊದಲನೆಯದು 2020ರಲ್ಲಿ ಸಿದ್ಧವಾಯಿತು. ಒಂದೊಂದರ ಬೆಲೆ ತೆರಿಗೆ ಬಿಟ್ಟು 27.5 ಲಕ್ಷ ಪೌಂಡ್. ರಸ್ತೆಯಲ್ಲಿ ಓಡಿಸಲು ಪರವಾನಗಿ ಇಲ್ಲ. ಅಸಲಿಯನ್ನು 1,500 ಪೌಂಡಿಗೆ ಕೊಟ್ಟವರು, ನಕಲಿಗೆ ಅದರ 1,800 ಪಟ್ಟಿಗೂ ಹೆಚ್ಚು ಕೇಳಿದರು.

ಹಾಗಾದರೆ ದಲ್ಲಾಳಿಯ ಲೆಕ್ಕ ತಪ್ಪೇ? ಇಲ್ಲ, ಅದೂ ಸರಿಯೇ. ಮಾರ್ಪಾಡು ಮಾಡಿಸಿದವನ ಒಬ್ಬನ ಚಪಲವಾಗಿದ್ದರೆ ಬೆಲೆ ಇಳಿಯುತ್ತದೆ. ಅವನ ರುಚಿಗೆ ಬೇರೆಯವನೇಕೆ ದುಡ್ಡು ಕೊಟ್ಟಾನು? ಆದರೆ ಮಾರ್ಪಾಡಿನ ಹಿಂದೆ ಹಲವರು ನೆನಪಿಟ್ಟುಕೊಂಡ ಕತೆಯಿದ್ದು, ಅದಕ್ಕೆ ಕಾಗದದ ಸಾಕ್ಷಿಯೂ ಇದ್ದರೆ ಅದೇ ಮಾರ್ಪಾಡು ಬೆಲೆಯಾಗುತ್ತದೆ. ಹಾಗಾಗಿ ಹಳೆ ಕಾರು ಮಾರುವವನು ಎರಡು ವಸ್ತು ಮಾರುತ್ತಾನೆ. ಒಂದು ಕಬ್ಬಿಣ, ಇನ್ನೊಂದು ಚರಿತ್ರೆ. ಕಬ್ಬಿಣಕ್ಕೆ ಬೆಲೆ ಕಟ್ಟುವವರು ಎಲ್ಲೆಡೆ ಸಿಗುತ್ತಾರೆ. ಚರಿತ್ರೆಗೆ ಬೆಲೆ ಬರಬೇಕಾದರೆ ಅದನ್ನು ಯಾರಾದರೂ ಕಾಪಾಡಿರಬೇಕು.

ನಮ್ಮ ದೇಶದಲ್ಲಿ ಕಾನೂನೂ ಒಂದು ಮಾತು ಸೇರಿಸುತ್ತದೆ. ನೋಂದಣಿ ಪುಸ್ತಕದಲ್ಲಿರುವ ತಯಾರಕರ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮವೂ 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗಳಿಗೆ ಮಾತ್ರ. ಆದ್ದರಿಂದ ತಂದೆಯವರ ಕಾಲದ ಫಿಯೆಟ್ ಕಾರೊಂದು ನಿಮ್ಮ ಕಟ್ಟಡದ ಕೆಳಗೆ ನಿಂತಿದ್ದರೆ, ಅದರಿಂದ ತೆಗೆದ ಪ್ರತಿಯೊಂದು ಬಿಡಿಭಾಗವನ್ನೂ ಗುಜರಿಗೆ ಹಾಕದೆ ಒಂದು ಡಬ್ಬಿಯಲ್ಲಿಡಿ. ಮೊದಲ ಬಿಲ್ಲು, ಸರ್ವೀಸ್ ಚೀಟಿ, ಆ ಕಾರಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಜೋಪಾನವಾಗಿರಲಿ.

ಕೊನೆಗೆ ಆ ಸೋದರರಿಬ್ಬರ ಗತಿ ಏನಾಯಿತು ಹೇಳಿಬಿಡುತ್ತೇನೆ. ಮೊದಲ ಕಾರು, ಆಟಿಕೆ ಕಿತ್ತಿಸಿಕೊಂಡದ್ದು, 1997ರಲ್ಲಿ ಫ್ಲಾರಿಡಾದ ಒಂದು ವಿಮಾನ ಶೆಡ್ಡಿನಿಂದ ಕಳುವಾಯಿತು. ಅದು ಮಧ್ಯಪ್ರಾಚ್ಯದಲ್ಲೆಲ್ಲೋ ಇದೆ ಎಂಬ ಸುದ್ದಿ 2021ರಲ್ಲಿ ಬಂದಿತ್ತು. ಎರಡನೆಯದನ್ನು ಮಾರಿ ಬಂದ ಹಣವನ್ನು ಜೆರ್ರಿ ಲೀ ತಮ್ಮ ಪ್ರತಿಷ್ಠಾನಕ್ಕೆ ಕೊಟ್ಟರು. ಆ ಪ್ರತಿಷ್ಠಾನದ ಕೆಲಸ ಏನು ಗೊತ್ತೇ? ಅಪರಾಧ ತಡೆಯುವ ಬಗೆಗಿನ ಸಂಶೋಧನೆಗೆ ನೆರವು!

ಒಂದು ಕಳ್ಳರ ಪಾಲಾಯಿತು, ಇನ್ನೊಂದು ಕಳ್ಳತನ ತಡೆಯುವವರ ಪಾಲಾಯಿತು. ಬಾಂಡ್ ಚಿತ್ರದ ಕತೆಗಾರರಿಗೂ ಇಂಥ ತಿರುವು ಹೊಳೆಯುತ್ತಿತ್ತೋ ಇಲ್ಲವೋ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳ್ತಾ ಇರಿ.