ದತ್ತವಿಷಯ ಮತ್ತು ಹೈಕುಗೋಷ್ಠಿ: ಜಪಾನೀ ಕಾವ್ಯೇತಿಹಾಸದ ಒಂದು ಪ್ರಶ್ನೆ

ಇನ್ನೊಬ್ಬರು ಕೊಟ್ಟ ವಿಷಯದ ಮೇಲೆ ಕಟ್ಟಿದ ಪದ್ಯ ಕಾವ್ಯವೆನಿಸೀತೆ, ಅಥವಾ ಅದು ಬರಿಯ ಬುದ್ಧಿಯ ಕಸರತ್ತೆ ಎಂಬ ಪ್ರಶ್ನೆ ಭಾರತೀಯರಿಗೆ ಹೊಸದಲ್ಲ. ವಾತ್ಸ್ಯಾಯನನು ಅರುವತ್ತನಾಲ್ಕು ಕಲೆಗಳಲ್ಲಿ ಕಾವ್ಯಸಮಸ್ಯಾಪೂರಣವನ್ನೂ ಎಣಿಸಿದ್ದಾನೆ. ಅರಸನಾದವನು ಕವಿಸಮಾಜವನ್ನು ಸೇರಿಸಿ ಕಾವ್ಯಪರೀಕ್ಷೆ ನಡೆಸಬೇಕೆಂದು ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಹೇಳಿದ್ದಾನೆ. ಸಮಸ್ಯೆ, ದತ್ತಪದಿಗಳು ಕನ್ನಡದ ಅವಧಾನವೇದಿಕೆಯಲ್ಲಿ ಇಂದಿಗೂ ಜೀವಂತವಾಗಿವೆ. ಆದರೆ ಈ ಪದ್ಧತಿಯನ್ನೇ ತನ್ನ ಕಾವ್ಯದ ಬೆನ್ನೆಲುಬಾಗಿಸಿಕೊಂಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಬೆಳೆಸಿಕೊಂಡು ಬಂದ ದೇಶವೆಂದರೆ ಜಪಾನು. ಐದು, ಏಳು, ಐದು ಎಂದು ಹದಿನೇಳು ಉಚ್ಚಾರಮಾತ್ರೆಗಳಲ್ಲಿ ಮುಗಿಯುವ ಹೈಕು ಏಕಾಂತಧ್ಯಾನದ ಫಲವೆಂದು ಹೊರಗಿನವರು ಭಾವಿಸುವುದುಂಟು. ಅದರ ಇತಿಹಾಸವಾದರೋ ಗೋಷ್ಠಿಯ ಇತಿಹಾಸವೇ ಆಗಿದೆ.

ಈ ಪರಂಪರೆಯ ಮೂಲ ಕ್ಯೋತೋ ನಗರದ ರಾಜಾಸ್ಥಾನದಲ್ಲಿದೆ. ಅಲ್ಲಿ ‘ಉತಾ-ಅವಸೆ’ ಎಂಬ ಪದ್ಯಸ್ಪರ್ಧೆಗಳು ಒಂಬತ್ತನೆಯ ಶತಮಾನದಿಂದಲೇ ನಡೆಯುತ್ತಿದ್ದವು. ಎಡಬಲ ಪಕ್ಷಗಳ ಕವಿಗಳು ಒಂದೇ ವಿಷಯದ ಮೇಲೆ ಪದ್ಯ ರಚಿಸುವರು. ತೀರ್ಪುಗಾರನು ಜೋಡಿ ಜೋಡಿಯಾಗಿ ತೂಗಿ ಗೆಲುವನ್ನು ಹೇಳುವನು. ೧೧೯೩ರಲ್ಲಿ ಫುಜಿವಾರಾ ಯೊಶಿತ್ಸುನೆಯ ಆಶ್ರಯದಲ್ಲಿ ನಡೆದ ಸ್ಪರ್ಧೆ ಇವುಗಳಲ್ಲಿ ಪ್ರಖ್ಯಾತವಾದುದು. ಹನ್ನೆರಡು ಮಂದಿ ಕವಿಗಳು, ನೂರು ವಿಷಯಗಳು, ಸಾವಿರದ ಇನ್ನೂರು ಪದ್ಯಗಳು, ಆರುನೂರು ಸುತ್ತುಗಳು. ವಿಷಯಗಳಲ್ಲಿ ಐವತ್ತು ಋತುಗಳಿಗೆ, ಐವತ್ತು ಪ್ರೇಮಕ್ಕೆ ಸೇರಿದವು. ತೀರ್ಪುಗಾರನು ವೃದ್ಧಕವಿ ಶುನ್‌ಜೆಯ್. ‘ಹಿಮ’ವೆಂಬ ವಿಷಯ ಬಂದಾಗ ಕವಿ ಕಿಟಕಿಯಾಚೆ ನೋಡಬೇಕಾಗಿರಲಿಲ್ಲ. ಆ ವಿಷಯಕ್ಕೆ ಪೂರ್ವಕವಿಗಳು ನೆಲೆಗೊಳಿಸಿದ್ದ ಸಾರವೊಂದಿತ್ತು. ಅದನ್ನರಿತು ಒಂದು ಕೂದಲೆಳೆಯಷ್ಟು ಮುಂದಕ್ಕೆ ಸರಿಸುವುದೇ ಕವಿಯ ಜಾಣ್ಮೆ.

ಮಧ್ಯಯುಗದಲ್ಲಿ ಸ್ಪರ್ಧೆಯ ಸ್ಥಾನಕ್ಕೆ ಸಹಯೋಗ ಬಂದಿತು. ‘ರೆಂಗಾ’ ಎಂಬ ಸರಪಳಿಕಾವ್ಯದಲ್ಲಿ ಒಬ್ಬನು ಹೇಳಿದ ಚರಣಗಳಿಗೆ ಮತ್ತೊಬ್ಬನು ತನ್ನವನ್ನು ಹೆಣೆಯುತ್ತಾನೆ. ೧೪೮೮ರಲ್ಲಿ ಸೊಗಿ, ಶೊಹಾಕು, ಸೊಚೊ ಎಂಬ ಮೂವರು ಕೂಡಿ ರಚಿಸಿದ ನೂರು ಕೊಂಡಿಗಳ ಕೃತಿ ಇದರ ಪರಮಾದರ್ಶವೆನಿಸಿದೆ. ಇಲ್ಲಿ ಹಿಂದಿನವನ ಪದ್ಯವೇ ಮುಂದಿನವನಿಗೆ ದತ್ತವಿಷಯ. ಸರಪಳಿಯ ಮೊದಲ ಕೊಂಡಿಯಾದ ‘ಹೊಕ್ಕು’ ಆ ದಿನದ ಋತುವನ್ನು ಸೂಚಿಸಲೇಬೇಕೆಂಬ ನಿಯಮವಿತ್ತು. ಇಂದಿನ ಹೈಕುವಿನ ಪೂರ್ವಜ ಈ ಹೊಕ್ಕುವೇ. ಅದರ ಋತುಪದವು ಒಂದು ಕಾಲದ ಆತಿಥ್ಯದ ಗುರುತು.

ಬಾಶೊ (೧೬೪೪-೧೬೯೪) ಮಹಾಕವಿಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸ್ಮರಣೀಯ. ಹಳೆಯ ಕೊಳಕ್ಕೆ ಹಾರುವ ಕಪ್ಪೆಯನ್ನು ಕುರಿತ ಅವನ ಪದ್ಯ ಲೋಕಪ್ರಸಿದ್ಧ. ರವೀಂದ್ರನಾಥ ಠಾಕೂರರು ತಮ್ಮ ೧೯೧೬ರ ಪ್ರವಾಸವನ್ನು ಕುರಿತ ‘ಜಪಾನ್ ಯಾತ್ರಿ’ಯಲ್ಲಿ ಅದನ್ನು ಬಂಗಾಳಿಗೆ ತಂದರು. ಏಕಾಂತಕ್ಕೂ ಮೌನಕ್ಕೂ ಉದಾಹರಣೆಯಾಗಿ ನಿಂತಿರುವ ಈ ಪದ್ಯ ೧೬೮೬ರ ‘ಕಾವಾಜು ಅವಸೆ’, ಎಂದರೆ ‘ಕಪ್ಪೆಗಳ ಸ್ಪರ್ಧೆ’ ಎಂಬ ಸಂಕಲನದ ಮೊಟ್ಟಮೊದಲಲ್ಲಿದೆ. ಶಿಷ್ಯರೂ ಗೆಳೆಯರೂ ಕಪ್ಪೆಯೊಂದನ್ನೇ ವಿಷಯವಾಗಿಟ್ಟುಕೊಂಡು ಕಟ್ಟಿದ ಪದ್ಯಗಳನ್ನು ಜೋಡಿ ಜೋಡಿಯಾಗಿ ಅಲ್ಲಿ ಎದುರುಬದುರು ನಿಲ್ಲಿಸಲಾಗಿದೆ. ಪ್ರಾಚೀನರು ಕಪ್ಪೆಯ ಕೂಗನ್ನು ಹಾಡಿದ್ದರು. ಬಾಶೊ ಕೂಗನ್ನು ಬಿಟ್ಟು ನೀರಿನ ಸದ್ದನ್ನು ಕೇಳಿಸಿದನು. ಎಲ್ಲರೂ ಬಲ್ಲ ವಿಷಯವಾದುದರಿಂದಲೇ ಆ ಹೊಸತನ ಸಭೆಗೆ ಕೂಡಲೇ ತಿಳಿಯಿತು.

ಹದಿನೆಂಟನೆಯ ಶತಮಾನದಲ್ಲಿ ಈ ವಿನೋದ ಎದೋ ನಗರದ ಪೇಟೆಬೀದಿಗಿಳಿಯಿತು. ‘ಮಾಏಕುಜುಕೆ’ ಎಂಬ ಆಟದಲ್ಲಿ ತೀರ್ಪುಗಾರನು ಏಳೇಳು ಮಾತ್ರೆಗಳ ಚರಣವೊಂದನ್ನು ಪ್ರಕಟಿಸುವನು. ಜನರು ಶುಲ್ಕ ತೆತ್ತು ಅದಕ್ಕೆ ಹದಿನೇಳು ಮಾತ್ರೆಗಳ ಪೂರಣವನ್ನು ಕಳುಹಿಸುವರು. ಗೆದ್ದವು ಅಚ್ಚಾಗುವುವು, ಬಹುಮಾನವೂ ಉಂಟು. ೧೭೫೭ರಿಂದ ಇಂತಹ ಸ್ಪರ್ಧೆಗಳನ್ನು ನಡೆಸಿದ ಕರಾಯ್ ಸೆನ್‌ರ್ಯೂ ಎಂಬಾತನ ಹೆಸರೇ ಮುಂದೆ ಒಂದು ಕಾವ್ಯಪ್ರಕಾರದ ಹೆಸರಾಯಿತು. ೧೭೬೫ರಲ್ಲಿ ಅವನ ಆಯ್ಕೆಗಳಿಂದ ‘ಯಾನಗಿದಾರು’ ಸಂಕಲನ ಹೊರಟಾಗ ಸಂಪಾದಕನು ಒಂದು ದಿಟ್ಟ ಹೆಜ್ಜೆಯಿಟ್ಟನು. ದತ್ತಚರಣವಿಲ್ಲದೆಯೂ ಅರ್ಥವಾಗುವ ಪದ್ಯಗಳನ್ನು ಆರಿಸಿ, ಆ ಚರಣಗಳನ್ನು ಕೈಬಿಟ್ಟನು. ಏಣಿಯನ್ನು ತೆಗೆದ ಮೇಲೂ ಅಟ್ಟದ ಮೇಲೆ ನಿಲ್ಲಬಲ್ಲವೇ ಎಂಬುದು ಆ ಪದ್ಯಗಳಿಗೆ ಒದಗಿದ ಪರೀಕ್ಷೆ.

ಆಧುನಿಕ ಯುಗದಲ್ಲಿ ಮಸಓಕಾ ಶಿಕಿ (೧೮೬೭-೧೯೦೨) ಹೊಕ್ಕುವನ್ನು ಸರಪಳಿಯಿಂದ ಬಿಡಿಸಿ, ಸ್ವತಂತ್ರ ಸಾಹಿತ್ಯವೆಂದು ಸಾರಿ, ‘ಹೈಕು’ ಎಂಬ ಹೆಸರನ್ನು ಸ್ಥಿರಗೊಳಿಸಿದನು. ಕಂಡುದನ್ನು ಕಂಡಂತೆ ಚಿತ್ರಿಸಬೇಕೆಂಬುದು ಅವನ ಸೂತ್ರ. ಆದರೂ ಅವನ ಬಳಗ ದತ್ತವಿಷಯವನ್ನು ತೊರೆಯಲಿಲ್ಲ. ಕೆಲವು ವಿಷಯಗಳನ್ನು ಮುಂಚೆಯೇ ತಿಳಿಸುವುದು, ಕೆಲವನ್ನು ಕುಳಿತಲ್ಲೇ ಕೊಡುವುದು, ಒಂದೊಂದು ವಿಷಯಕ್ಕೆ ಹತ್ತು ಹತ್ತು ಪದ್ಯ ಬರೆಯುವುದು ಅಲ್ಲಿಯ ಅಭ್ಯಾಸಗಳು. ‘ಕುಕಾಯ್’ ಎಂಬ ಈ ಗೋಷ್ಠಿಯಲ್ಲಿ ಪದ್ಯಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆದು ಬೆರೆಸುವರು. ಕೈಬರಹ ಗುರುತು ಸಿಗದಂತೆ ಬೇರೆಯವರು ಪ್ರತಿ ಮಾಡುವರು. ಎಲ್ಲರೂ ತಮಗೆ ಮೆಚ್ಚಿಕೆಯಾದವನ್ನು ಆರಿಸುವರು. ಓದಿದ ಮೇಲೆಯೇ ಕರ್ತೃವಿನ ಹೆಸರು ಹೊರಬೀಳುವುದು. ಗುರುವಿನ ಪದ್ಯವನ್ನು ಯಾರೂ ಆರಿಸದೆ ಹೋಗುವುದೂ ಅಲ್ಲಿ ಶಕ್ಯ. ಬೆನ್ನುಮೂಳೆಯ ಕ್ಷಯದಿಂದ ಹಾಸಿಗೆ ಹಿಡಿದ ಶಿಕಿಗೆ ತೋಕಿಯೋವಿನ ನೆಗಿಶಿಯ ಮನೆಯೇ ಗೋಷ್ಠಿಮಂದಿರವಾಯಿತು. ಕೈತೋಟದಾಚೆಗೆ ಹೋಗಲಾರದವನಿಗೆ ‘ಕಡಲು’, ‘ಹೊಲ’ ಎಂಬ ಒಂದೊಂದು ಪದವೂ ನಡೆದಾಡಿದ ದಿನಗಳ ಬಾಗಿಲು.

ಅವನ ಶಿಷ್ಯ ತಕಹಮಾ ಕ್ಯೊಶಿಯ ಕಾಲದಲ್ಲಿ ಒಂದು ವಿಚಿತ್ರ ತಿರುವು ಕಾಣುತ್ತದೆ. ‘ಹೊತೊತೊಗಿಸು’ ಪತ್ರಿಕೆಯಲ್ಲಿ ೧೯೧೨ರಿಂದ ಪುನರಾರಂಭವಾದ ‘ಜಾತ್ಸುಏಯ್’ ವಿಭಾಗಕ್ಕೆ ದತ್ತವಿಷಯದ ಕಟ್ಟಿರಲಿಲ್ಲ. ಆದರೆ ಆಯ್ಕೆ ಮಾತ್ರ ಕ್ಯೊಶಿಯೊಬ್ಬನದೇ. ವಿಷಯ ಸ್ವತಂತ್ರವಾಯಿತು, ರುಚಿ ಪರತಂತ್ರವಾಯಿತು. ದೇಶದ ಮೂಲೆಮೂಲೆಗಳಿಂದ ಬಂದ ಪದ್ಯಗಳು ಒಬ್ಬನ ಒಪ್ಪಿಗೆಗಾಗಿ ಕಾದು ನಿಂತವು.

ಯುದ್ಧ ಮುಗಿದ ಮರುವರ್ಷ, ೧೯೪೬ರ ನವೆಂಬರಿನಲ್ಲಿ, ಫ್ರೆಂಚ್ ಸಾಹಿತ್ಯದ ವಿದ್ವಾಂಸ ಕುವಬರಾ ತಕೆಓ ‘ಸೆಕಾಯ್’ ಪತ್ರಿಕೆಯಲ್ಲಿ ಈ ವ್ಯವಸ್ಥೆಯ ಮೇಲೆ ದಾಳಿಯಿಟ್ಟನು. ಹತ್ತು ಮಂದಿ ಪ್ರಸಿದ್ಧರ ಪದ್ಯಗಳನ್ನೂ ಐವರು ಸಾಮಾನ್ಯರ ಪದ್ಯಗಳನ್ನೂ ಹೆಸರಿಲ್ಲದೆ ಬೆರೆಸಿ, ಯಾವುದು ಯಾರದೆಂದು ಹೇಳಬಲ್ಲಿರಾ ಎಂದು ಕೇಳಿದನು. ಹೇಳಲಾಗದಿದ್ದರೆ ಕೀರ್ತಿಗೆ ಆಧಾರ ಪದ್ಯವಲ್ಲ, ಗುರುಪೀಠ. ಆದುದರಿಂದ ಇಂದಿನ ಹೈಕು ಎರಡನೆಯ ದರ್ಜೆಯ ಕಲೆ ಎಂಬುದು ಅವನ ವಾದ. ಅದು ಎಬ್ಬಿಸಿದ ಕೋಲಾಹಲ ಅಲ್ಪವಲ್ಲ.

ಸೂಕ್ಷ್ಮವಾಗಿ ನೋಡಿದರೆ, ಕುವಬರಾ ಎತ್ತಿದ ಅಸ್ತ್ರ ಗೋಷ್ಠಿಯ ಬತ್ತಳಿಕೆಯದೇ ಆಗಿತ್ತು. ಹೆಸರನ್ನು ಮರೆಮಾಡಿ ಪದ್ಯವನ್ನು ತೂಗುವುದನ್ನು ಶಿಕಿಯ ಬಳಗ ಅರ್ಧ ಶತಮಾನದ ಹಿಂದೆಯೇ ಮಾಡುತ್ತಿತ್ತು. ಭೇದವಿಷ್ಟೆ: ಅಲ್ಲಿ ವಿಷಯ ಒಂದೇ ಆಗಿತ್ತು, ತೂಗುವವರು ಸ್ವತಃ ಬರೆದವರೇ ಆಗಿದ್ದರು, ಸಾಮಾನ್ಯನ ಪದ್ಯ ಗುರುವಿನದರ ಸಮಕ್ಕೆ ನಿಂತರೆ ಅದು ಕಲೆಯ ಸೋಲೆನಿಸದೆ ಗೋಷ್ಠಿಯ ಗೆಲವೆನಿಸುತ್ತಿತ್ತು. ಕುವಬರಾನ ಆಕ್ಷೇಪ ಗುರುಪೀಠಕ್ಕೆ ಸರಿಯಾಗಿ ತಗಲುತ್ತದೆ, ದತ್ತವಿಷಯಕ್ಕೆ ತಗಲುವುದಿಲ್ಲ. ವಿಷಯವನ್ನು ಯಾರು ಕೊಟ್ಟರೆಂಬುದು ಪದ್ಯದ ಬೆಲೆಯನ್ನು ನಿರ್ಣಯಿಸಲಾರದು. ಕೊಟ್ಟ ಕೈಯನ್ನೂ ಬರೆದ ಕೈಯನ್ನೂ ಮರೆತ ಮೇಲೆ ಉಳಿಯುವುದೇನು ಎಂಬುದೊಂದೇ ಪ್ರಶ್ನೆ. ೧೬೮೬ರ ಕಪ್ಪೆಗಳಲ್ಲಿ ಲೋಕದ ನೆನಪಿನಲ್ಲಿ ಉಳಿದುದು ಒಂದು. ಆದರೆ ಆ ಒಂದು ಹಾರುವುದಕ್ಕೆ ಉಳಿದವರೆಲ್ಲರೂ ಕೂಡಿ ಕುಳಿತ ದಂಡೆ ಬೇಕಾಗಿತ್ತು.