ಹಲಗೂರು ಕಣಿವೆಯ ದಾರಿ: ದಂಡುಗಳ ನಡಿಗೆ, ನಮ್ಮ ನಡಿಗೆ

ಶ್ರೀರಂಗಪಟ್ಟಣದ ಮುತ್ತಿಗೆಗಳನ್ನು ಓದುವಾಗ ನಮ್ಮ ವಿದ್ಯಾರ್ಥಿಗಳ ದೃಷ್ಟಿ ಕೋಟೆಯ ಗೋಡೆಯ ಮೇಲೆಯೇ ನೆಲೆಸಿರುತ್ತದೆ. ದಂಡು ಅಲ್ಲಿಗೆ ಯಾವ ದಾರಿಯಿಂದ ಬಂದಿತೆಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ಕನಕಪುರದಿಂದ ಸಾತನೂರು, ಹಲಗೂರುಗಳ ಮೂಲಕ ಮಳವಳ್ಳಿಗೆ ಸಾಗುವ ಗುಡ್ಡಗಾಡಿನ ದಾರಿಯ ಕೆಲವು ಭಾಗಗಳನ್ನು ವಿದ್ಯಾರ್ಥಿಗಳೊಡನೆ ಕಾಲ್ನಡೆಯಲ್ಲಿ ನೋಡಿ ಬಂದ ಮೇಲೆ, ಆ ಮುತ್ತಿಗೆಗಳ ಭವಿಷ್ಯ ಬಹುಮಟ್ಟಿಗೆ ಈ ದಾರಿಯಲ್ಲಿಯೇ ತೀರ್ಮಾನವಾಗಿತ್ತೆಂದು ನಮಗೆ ತೋರಿದೆ.

೧೭೯೧ರ ಮೇ ಮೊದಲ ವಾರದಲ್ಲಿ ಕಾರ್ನ್‌ವಾಲಿಸನು ಬೆಂಗಳೂರಿನಿಂದ ಹೊರಟನು. ಚನ್ನಪಟ್ಟಣದ ಹೆದ್ದಾರಿಯಲ್ಲಿ ಟಿಪ್ಪು ಎದುರಾಗಿ ನಿಂತಿದ್ದುದರಿಂದ ಆತನು ಕಂಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಸುತ್ತುದಾರಿಯನ್ನು ಹಿಡಿಯಬೇಕಾಯಿತು. ಟಿಪ್ಪು ಆ ದಾರಿಯುದ್ದಕ್ಕೂ ಮೇವನ್ನು ಸುಡಿಸಿದ್ದನು, ಊರುಗಳು ಬರಿದಾಗಿದ್ದವು. ಮೇ ೧೫ರಂದು ಅರಕೆರೆಯ ಕಾಳಗದಲ್ಲಿ ಕಾರ್ನ್‌ವಾಲಿಸನು ಗೆದ್ದನು. ಆದರೆ ಫಿರಂಗಿಗಳನ್ನು ಎಳೆಯುವ ಎತ್ತುಗಳು ಅಷ್ಟರಲ್ಲಿ ಸತ್ತುಬಿದ್ದಿದ್ದವು. ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಆತನು ಹಿಂದಿರುಗಿದನು. ಹಿಂದಿರುಗುವಾಗ ಮರಾಠರ ದಂಡು ತನ್ನ ಬಜಾರಿನೊಡನೆ ಬಂದು ಕೂಡಿಕೊಳ್ಳದಿದ್ದರೆ ಹಸಿವು ಇನ್ನೆಷ್ಟು ಜನರನ್ನು ಕೊಳ್ಳುತ್ತಿತ್ತೋ. ಗೆದ್ದವನನ್ನು ಹುಲ್ಲು ಸೋಲಿಸಿತೆಂದರೆ ಅತಿಶಯೋಕ್ತಿಯಾಗದು.

ಎಂಟು ವರ್ಷಗಳ ಅನಂತರ, ೧೭೯೯ರ ಮಾರ್ಚಿಯಲ್ಲಿ, ಜನರಲ್ ಹ್ಯಾರಿಸನೂ ಈ ದಾರಿಯನ್ನೇ ಹಿಡಿದನು. ಈ ಸಲ ಲಂಬಾಣಿಗರ ಹೇರೆತ್ತುಗಳ ಮೂಲಕ ದವಸ ಜೊತೆಯಲ್ಲಿಯೇ ಬರುತ್ತಿತ್ತು. ಆಂಗ್ಲ ಗ್ರಂಥಗಳಲ್ಲಿ ಈ ದಂಡು ‘ಮದ್ದೂರು ಹೊಳೆ’ಯನ್ನು ದಾಟಿತೆಂದಿರುವುದನ್ನು ಓದಿ, ಮದ್ದೂರು ಪಟ್ಟಣದ ಬಳಿಯೇ ದಾಟಿತೆಂದು ತಿಳಿಯುವವರಿದ್ದಾರೆ. ಆ ಹೊಳೆ ನಮ್ಮ ಶಿಂಷೆಯೇ. ಹಲಗೂರಿನಿಂದ ಮಳವಳ್ಳಿಗೆ ಬರುವವರು ಅದನ್ನು ದಾಟಲೇಬೇಕು. ಟಿಪ್ಪು ಅಲ್ಲಿ ತಡೆಯಲಿಲ್ಲವೆಂದು ಅನೇಕರು ಆಕ್ಷೇಪಿಸಿದ್ದಾರೆ. ಆಕ್ಷೇಪಣೆ ನ್ಯಾಯವಾದುದೇ. ಆದರೆ ಮಾರ್ಚ್ ೨೭ರ ಮಳವಳ್ಳಿಯ ಕಾಳಗದ ತರುವಾಯ ನಡೆದುದು ಅದಕ್ಕಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ. ಹ್ಯಾರಿಸನೂ ಅರಕೆರೆಯ ದಾರಿಯನ್ನೇ ಹಿಡಿಯುವನೆಂದು ಭಾವಿಸಿ ಟಿಪ್ಪು ಅಲ್ಲಿಯ ಮೇವನ್ನು ನಾಶಪಡಿಸಿದ್ದನು. ಹ್ಯಾರಿಸನು ದಕ್ಷಿಣಕ್ಕೆ ಹೊರಳಿ ಸೋಸಲೆಯ ಬಳಿ ಕಾವೇರಿಯನ್ನು ದಾಟಿದನು. ಆಚೆಯ ದಡದಲ್ಲಿ ಹುಲ್ಲು ಉಳಿದಿತ್ತು. ಮೇ ೪ರಂದು ಕೋಟೆ ಬಿದ್ದಿತು.

ಈ ಮಾತು ನಮಗೆ ಪುಸ್ತಕದಿಂದ ತಿಳಿದಿದ್ದರೂ ಮನಸ್ಸಿಗೆ ನಾಟಿದುದು ಒಂದು ಏಪ್ರಿಲ್ ಮಧ್ಯಾಹ್ನ. ಹಲಗೂರಿನಿಂದ ತಡವಾಗಿ ಹೊರಟ ನಾವು ಹನ್ನೆರಡು ಗಂಟೆಯ ಹೊತ್ತಿಗೆ ತಂದಿದ್ದ ನೀರನ್ನೆಲ್ಲ ಮುಗಿಸಿದ್ದೆವು. ಹಾದಿಯಲ್ಲಿ ಸಿಕ್ಕಿದ ಕಟ್ಟೆ ಒಣಗಿತ್ತು. ತಪ್ಪು ನಮ್ಮದೇ. ಇಬ್ಬರು ವಿದ್ಯಾರ್ಥಿಗಳು ತಲೆಸುತ್ತಿ ಕುಳಿತರು. ದನ ಮೇಯಿಸುವ ಮುದುಕರೊಬ್ಬರು ತಮ್ಮ ಬುರುಡೆಯ ನೀರನ್ನು ಕೊಟ್ಟು ನೆರಳಿನ ದಾರಿಯನ್ನು ತೋರಿಸಿದರು.

ಆದುದರಿಂದ ಈ ಕಡೆ ಬರಲಿಚ್ಛಿಸುವ ಅಧ್ಯಾಪಕರಿಗೆ ಕೆಲವು ಮಾತುಗಳು. ದಂಡಿನ ದಾರಿ ಈಗ ಮಳವಳ್ಳಿ, ಕೊಳ್ಳೇಗಾಲಗಳ ಕಡೆಗೆ ಹೋಗುವ ಹೆದ್ದಾರಿಯಾಗಿದೆ. ಅದರ ಅಂಚಿನಲ್ಲಿ ನಡೆಯುವುದು ಕಾಡಿನಲ್ಲಿ ನಡೆಯುವುದಕ್ಕಿಂತ ಅಪಾಯವೆಂದೇ ಹೇಳಬೇಕು. ಹಲಗೂರಿನಿಂದ ಬಸವನಬೆಟ್ಟದ ಕಾಡಿನ ಮೂಲಕ ಮುತ್ತತ್ತಿಗೆ ಹೋಗುವ ಸೀಮೆ ೧೯೮೭ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದುದು. ಅರಣ್ಯ ಇಲಾಖೆಯ ಅನುಮತಿಯೂ ದಾರಿ ಬಲ್ಲ ಸ್ಥಳೀಯರೂ ಇಲ್ಲದೆ ಅಲ್ಲಿ ಕಾಲಿಡಕೂಡದು. ಆನೆಯ ಹಸಿ ಲದ್ದಿ ಕಂಡರೆ ಹಿಂದಿರುಗತಕ್ಕದ್ದು. ಹೊತ್ತು ಇಳಿಯುವುದರೊಳಗೆ ಕಾಡಿನಿಂದ ಹೊರಗಿರತಕ್ಕದ್ದು. ಮುತ್ತತ್ತಿರಾಯನ ಗುಡಿಯ ಮುಂದೆ ಕಾವೇರಿ ಶಾಂತವಾಗಿ ಕಾಣುತ್ತಾಳೆ. ಆ ನೋಟವನ್ನು ನಂಬಬಾರದು. ಬಂಡೆಗಳ ನಡುವೆ ಮಡುಗಳೂ ಸುಳಿಗಳೂ ಇವೆ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಹೊಳೆ ಥಟ್ಟನೆ ಏರುತ್ತದೆ. ಈಜು ಬಲ್ಲ ತರುಣರೇ ಅಲ್ಲಿ ಹೆಚ್ಚಾಗಿ ಪ್ರಾಣ ಕಳೆದುಕೊಂಡಿದ್ದಾರೆ. ನಮ್ಮ ತಂಡದಲ್ಲಿ ನೀರಿಗಿಳಿಯುವುದನ್ನು ನಿಷೇಧಿಸಿದ್ದೇವೆ. ವಿದ್ಯಾರ್ಥಿಗಳು ಗೊಣಗಿದರೂ ಸರಿಯೇ.

ಮುಂದಿನ ಮಾರ್ಗಶಿರದಲ್ಲಿ ಮಳವಳ್ಳಿಯಿಂದ ಸೋಸಲೆಯವರೆಗೆ, ಹ್ಯಾರಿಸನು ಹೊರಳಿದ ದಿಕ್ಕಿನಲ್ಲಿ, ನಡೆಯಬೇಕೆಂದಿದ್ದೇವೆ. ಬೆಳಗಿನ ಆರು ಗಂಟೆಗೆ ಹೊರಡುವುದೆಂದು ಈಗಲೇ ಗೊತ್ತುಮಾಡಿದೆ.