ಕನ್ನಡ ಅಚ್ಚಿನಲ್ಲಿ ಅಳತೆಯ ಗುರುತುಗಳು

ಕೃಷ್ಣೆ-ಮಲಪ್ರಭೆ ಕೂಡುವ ನಮ್ಮೂರಲ್ಲಿ ಹೊಳೆಯ ನೀರನ್ನು ಮೀಟರಿನಲ್ಲಿ, ಬಿಸಿಲನ್ನು ಡಿಗ್ರಿಯಲ್ಲಿ, ಇಳಕಲ್ ಸೀರೆಯ ಬೆಲೆಯನ್ನು ರೂಪಾಯಿಯಲ್ಲಿ ಹೇಳುತ್ತೇವೆ. ಈ ಅಳತೆಗಳ ಗುರುತುಗಳು ಕನ್ನಡ ಅಚ್ಚಿಗೆ ಬಂದದ್ದು ಸುಲಭವಾಗಿ ಅಲ್ಲ.

ಮೊಳೆ ಜೋಡಿಸುವ ಕಾಲದಲ್ಲಿ ಗುರುತಿನ ಮೊಳೆ ಇಲ್ಲದಿದ್ದರೆ ‘ಡಿಗ್ರಿ’, ‘ಓಮ್’ ಎಂದು ಅಕ್ಷರದಲ್ಲೇ ಜೋಡಿಸಬಹುದಿತ್ತು. ತೊಡಕು ಹೆಚ್ಚಿದ್ದು ಕಂಪ್ಯೂಟರ್ ಬಂದ ಮೇಲೆ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕೊಟ್ಟಿತು. ಡಿಟಿಪಿ ಅಂಗಡಿಗಳಲ್ಲಿ ಕನ್ನಡ ನೆಲೆಯೂರಲು ಇವೂ ನೆರವಾದವು. ಆದರೆ ಅಂದಿನ ಫಾಂಟಿನಲ್ಲಿ ಇದ್ದದ್ದು ಹೆಚ್ಚೆಂದರೆ 256 ಮನೆ. ಕಾಗುಣಿತ, ಒತ್ತಕ್ಷರಗಳಿಗೆ ಅಷ್ಟೂ ಬೇಕಾದ್ದರಿಂದ ಅಳತೆಯ ಗುರುತುಗಳ ಮನೆಗಳನ್ನೂ ಅಕ್ಷರಗಳಿಗೆ ಕೊಡಲಾಯಿತು. ನುಡಿಯಲ್ಲಿ ° ಇರುವ ಮನೆಯಲ್ಲಿ ‘ಲಿ’, µ ಇರುವ ಮನೆಯಲ್ಲಿ ತಲೆಕಟ್ಟಿಲ್ಲದ ‘ಷ’. ಇಂಗ್ಲಿಷ್ ಫಾಂಟಿನಲ್ಲಿ ಬರೆದ ಉಷ್ಣಾಂಶವನ್ನು ಪುಟದೊಂದಿಗೆ ನುಡಿಗೆ ಬದಲಿಸಿದರೆ ಡಿಗ್ರಿ ಹೋಗಿ ‘ಲಿ’ ನಿಲ್ಲುತ್ತಿತ್ತು.

ಇದಾದರೂ ಕಣ್ಣಿಗೆ ಬೀಳುವ ತಪ್ಪು. ಕಣ್ಣಿಗೆ ಬೀಳದ ತಪ್ಪು ಹೆಚ್ಚು ಅಪಾಯ. ‘ಸಿಂಬಲ್’ ಫಾಂಟಿನಲ್ಲಿ ಡಬ್ಲ್ಯೂ ಒತ್ತಿದರೆ Ω, ಎಮ್ ಒತ್ತಿದರೆ µ. ಆ ಫಾಂಟು ಕೈತಪ್ಪಿದರೆ 10 ಓಮ್ ಹೋಗಿ 10 ವ್ಯಾಟ್ ಆಗುತ್ತದೆ. ಔಷಧಿಯ ಮೈಕ್ರೋಗ್ರಾಂ ಮಿಲಿಗ್ರಾಂ ಆಗಿ 1000 ಪಟ್ಟು ಹಿಗ್ಗುತ್ತದೆ.

1991ರ ಯೂನಿಕೋಡ್ ಕನ್ನಡಕ್ಕೂ ಗುರುತುಗಳಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟು ಬಂತು. ಆದರೂ ಸಂಖ್ಯೆ ಇದ್ದರೆ ಸಾಲದು, ಫಾಂಟಿನಲ್ಲಿ ಆ ಆಕಾರ ಬರೆದಿರಬೇಕು. ರೂಪಾಯಿ ಗುರುತಿನ ಕಥೆ ಇದಕ್ಕೆ ಸಾಕ್ಷಿ. ಡಿ. ಉದಯಕುಮಾರ್ ರೂಪಿಸಿದ ₹ ಗುರುತನ್ನು ಕೇಂದ್ರ ಸಂಪುಟ 2010ರ ಜುಲೈ 15ರಂದು ಒಪ್ಪಿತು. ಮಂಗಳೂರಿನ ಫೋರಾಡಿಯನ್ ಸಂಸ್ಥೆ ಕೂಡಲೇ ಒಂದು ಫಾಂಟು ಮಾಡಿ, ಕೀಲಿಮಣೆಯಲ್ಲಿ 1ರ ಎಡಗಡೆಯ ಕೀಲಿಗೆ ₹ ಕೂರಿಸಿತು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಮಾತ್ರ ಬರೀ ಒಂದು ಓರೆಗೆರೆ ಕಾಣುತ್ತಿತ್ತು. ಅದೇ ಅಕ್ಟೋಬರಿನಲ್ಲಿ ಯೂನಿಕೋಡ್ 6.0 ಗುರುತಿಗೆ ಸ್ವಂತ ಸಂಖ್ಯೆ ಕೊಟ್ಟಿತು. ಫಾಂಟುಗಳು ಒಂದೊಂದಾಗಿ ಆಕಾರ ಸೇರಿಸಿಕೊಂಡವು.

ಈ ಇತಿಹಾಸ ನಮಗೆ ಇಂದೂ ಬೇಕು. ಹಳೆಯ ಪ್ರಶ್ನೆಪತ್ರಿಕೆ, ವಿಜ್ಞಾನದ ಟಿಪ್ಪಣಿಗಳು ನುಡಿ ಕಡತಗಳಲ್ಲಿ ಇದ್ದರೆ, ಯೂನಿಕೋಡಿಗೆ ಬದಲಿಸುವಾಗ ಮುದ್ರಿತ ಪ್ರತಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಅಕ್ಷರ ತಪ್ಪಿದರೆ ಓದುವವರು ತಿದ್ದಿಕೊಂಡು ಓದುತ್ತಾರೆ. ಅಳತೆ ತಪ್ಪಿದರೆ ಮಕ್ಕಳು ಅದನ್ನೇ ನಂಬಿ ಲೆಕ್ಕ ಮಾಡುತ್ತಾರೆ.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್